ಮೂಡಗಾಳಿಯ ಮೂರು ಚಳಿಗಾಲ: ಮಕ್ಕಳಿಗೆ ಒಗ್ಗಿದ ಉಪಾಯ, ಒಗ್ಗದ ಉಪಾಯ

ಧಾರವಾಡದಲ್ಲಿ ದೀಪಾವಳಿ ಕಳೆದು ಹದಿನೈದು ದಿನ ಆಗುವಷ್ಟರಲ್ಲಿ ಮೂಡಗಾಳಿ ಶುರುವಾಗುತ್ತದೆ. ಮಲೆನಾಡಿನ ಸೆರಗಿನಲ್ಲಿರುವ ಊರಾದ್ದರಿಂದ ಮಳೆಗಾಲವಿಡೀ ಗೋಡೆ ಒದ್ದೆಯಾಗಿರುವ ಇಲ್ಲಿ, ಗಾಳಿ ದಿಕ್ಕು ಬದಲಿಸಿದ್ದೇ ತಡ, ಮಕ್ಕಳ ತುಟಿ ಒಡೆಯುತ್ತದೆ, ಕೆನ್ನೆ ಒರಟಾಗುತ್ತದೆ, ನಸುಕಿನಲ್ಲಿ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಕೆಮ್ಮು ಕೇಳಿಸುತ್ತದೆ. ನಾನು ಈ ಹೋಲಿಕೆಗೆ ತೊಡಗಿದಾಗ ಮಗಳಿಗೆ ಆರು ವರ್ಷ, ಮಗನಿಗೆ ಒಂದು ವರ್ಷ ನಾಲ್ಕು ತಿಂಗಳು. ಅತ್ತೆಯವರ ಉಪಾಯ ಒಂದು, ನನ್ನ ತವರಿನದು ಇನ್ನೊಂದು, ಔಷಧ ಅಂಗಡಿಯವರದು ಮತ್ತೊಂದು ಎಂದು ಒಂದೇ ನೆಗಡಿಗೆ ಒಂದೇ ರಾತ್ರಿ ಮೂರು ಚಿಕಿತ್ಸೆಗಳು ನಡೆಯುತ್ತಿದ್ದವು. ನೆಗಡಿ ಇಳಿದ ಮೇಲೆ ಮೂವರೂ ಅದು ತಮ್ಮದರಿಂದಲೇ ಇಳಿಯಿತು ಎನ್ನುತ್ತಿದ್ದರು.

ಆದ್ದರಿಂದ ಮನೆಯಲ್ಲಿ ಒಂದು ಕರಾರು ಮಾಡಿಕೊಂಡೆವು: ಒಂದು ಸಲದ ನೆಗಡಿಗೆ ಒಂದೇ ಉಪಾಯ. ವೈರಸ್ಸಿನಿಂದ ಬರುವ ನೆಗಡಿ ಹೇಗಿದ್ದರೂ ವಾರ ಹತ್ತು ದಿನಗಳಲ್ಲಿ ತಾನಾಗಿ ಇಳಿಯುವಂಥದ್ದು, ಅದರ ಕೆಮ್ಮು ಎರಡು ಮೂರು ವಾರ ಉಳಿಯುವುದೂ ಉಂಟು. ಹೀಗಾಗಿ ‘ಗುಣವಾಯಿತೇ’ ಎಂಬುದು ಅಳತೆಗೋಲಾಗಲಾರದು. ನಾನು ನೋಟುಬುಕ್ಕಿನಲ್ಲಿ ಬರೆದದ್ದು ಎರಡೇ ಸಂಗತಿ: ರಾತ್ರಿ ಮಗು ಎಷ್ಟು ಸಲ ಎದ್ದಿತು, ಬೆಳಿಗ್ಗೆ ಉಂಡಿತೋ ಇಲ್ಲವೋ. ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿಯಾಗುವುದು ಸಹಜವಾದ್ದರಿಂದ ಪರೀಕ್ಷೆಗೆ ಅವಕಾಶದ ಕೊರತೆಯಾಗಲಿಲ್ಲ. ಎರಡು ಮಕ್ಕಳ ಮೇಲೆ ನೋಡಿದ್ದು ಶಾಸ್ತ್ರವಲ್ಲ ಎಂಬ ಅರಿವಿನಿಂದಲೇ, ವೈದ್ಯಕೀಯವಾಗಿ ಗೊತ್ತಿರುವ ಸಂಗತಿಗಳನ್ನೂ ಜೊತೆಗಿಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲು ಮೂಗಿನ ವಿಚಾರ, ಏಕೆಂದರೆ ಎಳೆಯ ಮಕ್ಕಳ ನಿದ್ದೆ ಕೆಡಿಸುವುದು ಕೆಮ್ಮಿಗಿಂತ ಹೆಚ್ಚಾಗಿ ಕಟ್ಟಿದ ಮೂಗು. ಇದಕ್ಕೆ ನಾವು ಮಾಡಿ ನೋಡಿದ್ದು ಮೂರು: ಬಿಸಿನೀರಿನ ಹಬೆ, ಕರ್ಪೂರ ಹಾಕಿ ಕಾಸಿದ ಕೊಬ್ಬರಿ ಎಣ್ಣೆ, ಉಪ್ಪುನೀರಿನ ಹನಿ. ಹಬೆಯಿಂದ ಮಗಳಿಗೆ ಹತ್ತು ಹದಿನೈದು ನಿಮಿಷ ಮೂಗು ಬಿಟ್ಟಂತಾಗುತ್ತಿತ್ತು, ಹಾಸಿಗೆಗೆ ಹೋಗುವ ಹೊತ್ತಿಗೆ ಮತ್ತೆ ಮೊದಲಿನಂತೆಯೇ. ಎರಡನೆಯ ಚಳಿಗಾಲದಲ್ಲಿ ಅಕ್ಕ ಟವೆಲ್ಲಿನೊಳಗೆ ಏನು ಮಾಡುತ್ತಿದ್ದಾಳೆಂದು ನೋಡಲು ಮಗ ಅದರ ಅಂಚು ಹಿಡಿದು ಎಳೆದ. ಬೋಗುಣಿ ಮಗುಚಿ ನೀರು ನನ್ನ ಪಾದದ ಮೇಲೆ ಚೆಲ್ಲಿತು. ಎಂಟು ದಿನ ಬೊಬ್ಬೆಯ ಕಾಲಿನಲ್ಲಿ ಚಪ್ಪಲಿ ಮೆಟ್ಟಲಾಗಲಿಲ್ಲ. ಆ ನೀರು ಒಂದು ಗೇಣು ಆಚೆ ಬಿದ್ದಿದ್ದರೆ ಅವನ ಎದೆಯ ಮೇಲೆ ಬೀಳುತ್ತಿತ್ತು. ನೆಗಡಿಗೆ ಹಬೆಯಿಂದ ಖಚಿತವಾದ ಲಾಭವಿದೆಯೆಂದು ಅಧ್ಯಯನಗಳು ತೋರಿಸಿಲ್ಲ, ಸುಟ್ಟುಕೊಳ್ಳುವ ಅಪಾಯವಂತೂ ಖಚಿತ. ಆ ಬೋಗುಣಿ ಅಂದಿನಿಂದ ಅವರೆಕಾಳು ನೆನೆಹಾಕಲು ಬಳಕೆಯಾಗುತ್ತಿದೆ.

ಕರ್ಪೂರದ ಎಣ್ಣೆಯ ಬಗ್ಗೆ ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ, ಏಕೆಂದರೆ ಅದು ಅತ್ತೆಯವರ ಕೈಗುಣ, ಆ ವಾಸನೆ ಬಂದರೆ ಮನೆಯಲ್ಲಿ ಯಾರೋ ಕಾಳಜಿ ಮಾಡುತ್ತಿದ್ದಾರೆಂಬ ಧೈರ್ಯ ಬರುತ್ತದೆ. ಮಗಳು ‘ತಂಪಾಗ್ತದ ಅಜ್ಜಿ’ ಎಂದು ಹೇಳಿ ಮಲಗುತ್ತಿದ್ದಳು. ಆದರೆ ನೋಟುಬುಕ್ಕಿನಲ್ಲಿ ಎಚ್ಚರಗೊಂಡ ಲೆಕ್ಕ ಇಳಿದಿರಲಿಲ್ಲ. ಕರ್ಪೂರ ಮತ್ತು ಮೆಂಥಾಲ್ ಮೂಗಿನಲ್ಲಿ ತಂಪನ್ನು ಅರಿಯುವ ನರಗಳನ್ನು ಎಬ್ಬಿಸುವುದರಿಂದ ಉಸಿರು ಸಲೀಸಾದಂತೆ ಅನ್ನಿಸುತ್ತದೆಯೇ ಹೊರತು ಒಳಗಿನ ಬಾವು ಇಳಿಯುವುದಿಲ್ಲ. ಮಗ ಎಣ್ಣೆಗೈಯಿಂದ ಕಣ್ಣುಜ್ಜಿಕೊಂಡು ಅತ್ತ ರಾತ್ರಿಯ ಮರುದಿನ ವೈದ್ಯರನ್ನು ಕೇಳಿದಾಗ ತಿಳಿದದ್ದೆಂದರೆ, ಎರಡು ವರ್ಷದೊಳಗಿನವರಿಗೆ ಕರ್ಪೂರದ ಲೇಪ ಕೂಡದು, ಯಾವ ವಯಸ್ಸಿನ ಮಗುವಿಗೂ ಮೂಗಿನ ಹೊಳ್ಳೆಗೆ ಹಚ್ಚಕೂಡದು, ಹೊಟ್ಟೆಗೆ ಹೋದರೆ ಸ್ವಲ್ಪವೇ ಆದರೂ ಚಿಕ್ಕ ಮಕ್ಕಳಿಗೆ ಫಿಟ್ಸ್ ಬರಬಹುದು. ಒಂದೂವರೆ ವರ್ಷದ ಮಗನಿಗೆ ಅದನ್ನು ಹಚ್ಚಲು ಬಿಟ್ಟದ್ದು ನನ್ನದೇ ತಪ್ಪು. ದೇವರ ಮಾಡದ ಕೆಳಗಿನ ಹಲಗೆಯ ಮೇಲಿರುತ್ತಿದ್ದ ಕರ್ಪೂರದ ಡಬ್ಬಿಯನ್ನು ಅಂದೇ ಮೇಲಿನ ಗೂಡಿಗೆ ಏರಿಸಿದೆವು.

ಉಪ್ಪುನೀರಿನ ಹನಿಗೆ ವಾಸನೆಯಿಲ್ಲ, ಖಾರವಿಲ್ಲ, ಕೊಟ್ಟ ಹಣಕ್ಕೆ ಏನೋ ನಡೆಯುತ್ತಿದೆ ಎಂಬ ಭಾವನೆಯೂ ಇಲ್ಲ. ಔಷಧ ಅಂಗಡಿಯಲ್ಲಿ 0.65 ಪ್ರತಿಶತ ಸೋಡಿಯಂ ಕ್ಲೋರೈಡ್ ಎಂದು ಬರೆದಿರುವ ಚಿಕ್ಕ ಬಾಟಲಿ ಅದು. ಮೊದಲ ಮೂರು ದಿನ ಮಗ ಮನೆ ಮೇಲೆ ಹೋಗುವಂತೆ ಕಿರುಚಿದ. ದೋಷ ಹನಿಯದಲ್ಲ, ಹಾಕುವ ಕ್ರಮದ್ದು ಎಂದು ಆಮೇಲೆ ಗೊತ್ತಾಯಿತು. ಬಾಟಲಿಯನ್ನು ಎರಡು ನಿಮಿಷ ಅಂಗೈಯಲ್ಲಿ ಹಿಡಿದು ಅದರ ತಣ್ಣಗಿನ ಗುಣ ಹೋಗಿಸಿ, ಮಗುವನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ತಲೆ ತುಸು ಹಿಂದಕ್ಕೆ ಬಾಗುವಂತೆ ಮೊಣಕಾಲಿನಾಚೆ ಜಾರಿಸಿ, ಬಾಟಲಿಯ ತುದಿ ಮೂಗಿಗೆ ತಾಗದ ಹಾಗೆ ಒಂದೊಂದು ಹೊಳ್ಳೆಗೆ ಎರಡು ಹನಿ ಬಿಟ್ಟು, ಒಂದೆರಡು ನಿಮಿಷ ಹಾಗೆಯೇ ಹಾಡು ಹೇಳುತ್ತ ಕೂತರೆ, ಮಗು ತಾನಾಗಿಯೇ ಸೀನುತ್ತದೆ, ಒಣಗಿ ಅಂಟಿದ್ದೆಲ್ಲ ಮೆತ್ತಗಾಗಿ ಹೊರಬರುತ್ತದೆ. ಮಲಗುವ ಮೊದಲು ಒಮ್ಮೆ, ನಡುರಾತ್ರಿ ಎದ್ದರೆ ಇನ್ನೊಮ್ಮೆ. ನಾಲ್ಕೈದು ಸಲ ಏಳುತ್ತಿದ್ದವನು ಒಂದೆರಡು ಸಲಕ್ಕೆ ಇಳಿದ. ಮೂರರಲ್ಲಿ ಎದ್ದು ಕಾಣುವ ವ್ಯತ್ಯಾಸ ಮಾಡಿದ್ದು ಇದೊಂದೇ, ಅಗ್ಗದ್ದೂ ಹೌದು. ಒಬ್ಬರ ಬಾಟಲಿಯನ್ನು ಇನ್ನೊಬ್ಬರಿಗೆ ಬಳಸದಿರಲು ಮಗಳದಕ್ಕೆ ಕೆಂಪು ದಾರ ಕಟ್ಟಿಟ್ಟಿದ್ದೇವೆ.

ಕೆಮ್ಮಿಗೆ ಬಂದರೆ, ಸ್ಪರ್ಧೆ ಇದ್ದದ್ದು ದೊಡ್ಡಪತ್ರೆ ರಸಕ್ಕೂ ಬಾಟಲಿಯ ಸಿರಪ್ಪಿಗೂ. ದೊಡ್ಡಪತ್ರೆಯ ಎಲೆಯನ್ನು ಕೆಂಡದ ಮೇಲೋ ಗ್ಯಾಸಿನ ಉರಿಯ ಮೇಲೋ ಬಾಡಿಸಿ, ಹಿಂಡಿ, ಜೇನುತುಪ್ಪ ಬೆರೆಸಿ ನೆಕ್ಕಿಸುವುದು ನಮ್ಮ ಕಡೆಯ ರೂಢಿ. ಅದು ಕೆಲಸ ಮಾಡಿತು. ಆದರೆ ಕೆಲಸ ಮಾಡಿದ್ದು ಎಲೆಯೋ ಜೇನೋ ಎಂಬ ಸಂಶಯ ನನ್ನನ್ನು ಬಿಡಲಿಲ್ಲ. ಮಗಳಿಗೆ ಒಂದು ಸಲ ಎಲೆಯ ರಸವನ್ನು ಬೆಲ್ಲದೊಂದಿಗೆ, ಇನ್ನೊಂದು ಸಲ ಬರಿಯ ಜೇನನ್ನು ಮಲಗುವ ಮುನ್ನ ಒಂದು ಚಮಚೆಯಷ್ಟು ಕೊಟ್ಟು ನೋಡಿದೆ. ಬರಿಯ ಜೇನಿನ ರಾತ್ರಿಗಳು ಜೇನು ಬೆರೆಸಿದ ಎಲೆಯ ರಾತ್ರಿಗಳಷ್ಟೇ ಶಾಂತವಾಗಿದ್ದವು. ಬೆಲ್ಲದ ರಾತ್ರಿಗಳಲ್ಲಿ ಅವಳು ಹೆಚ್ಚು ಕೆಮ್ಮಿದಳು. ಹಿತ್ತಲಲ್ಲಿ ಎಲೆ ಇದ್ದರೆ ಹಾಕಬಹುದು, ಇಲ್ಲದಿದ್ದರೆ ಹುಡುಕಿಕೊಂಡು ಹೋಗಬೇಕಾಗಿಲ್ಲ ಎಂಬುದು ನನ್ನ ತೀರ್ಮಾನ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನನ್ನು ನಾಲಿಗೆಗೆ ಸವರಲೂ ಬಾರದು: ಅದರಲ್ಲಿರಬಹುದಾದ ಬಾಟ್ಯುಲಿನಂ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಗರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲವು. ಹುಟ್ಟಿದ ಕೂಸಿಗೆ ಜೇನು ನೆಕ್ಕಿಸುವ ಶಾಸ್ತ್ರ ನಮ್ಮಲ್ಲಿ ಇನ್ನೂ ಇರುವುದರಿಂದ ಇದನ್ನು ಒತ್ತಿ ಬರೆಯುತ್ತಿದ್ದೇನೆ.

ಸಿರಪ್ಪನ್ನು ಮೊದಲ ಚಳಿಗಾಲದಲ್ಲಿ ಮಗಳಿಗೆ ಕೊಟ್ಟೆವು, ಅವಳು ಚೆನ್ನಾಗಿ ಮಲಗಿದಳು ಕೂಡ. ಆದರೆ ಬೆಳಿಗ್ಗೆ ಶಾಲೆಯಲ್ಲಿಯೂ ತೂಕಡಿಸಿದಳೆಂದು ಶಿಕ್ಷಕಿ ಹೇಳಿಕಳಿಸಿದಾಗ ಬಾಟಲಿಯ ಹಿಂಬದಿ ಓದಿದೆ: ಅದರಲ್ಲಿದ್ದ ಕ್ಲೋರ್‌ಫೆನಿರಮೈನ್ ಮಂಪರು ತರಿಸುವ ಔಷಧ. ನಾವು ಕೆಮ್ಮಿನ ಗುಣವೆಂದು ತಿಳಿದದ್ದು ಬರಿಯ ಮಂಪರು. ಅದೇ ಔಷಧವನ್ನು, ಮೂಗಿನ ಕಟ್ಟು ಬಿಡಿಸಲು ಹಾಕುವ ಫಿನೈಲ್‌ಎಫ್ರಿನ್ ಜೊತೆ ಬೆರೆಸಿದ ಸಿರಪ್ಪುಗಳನ್ನು ನಾಲ್ಕು ವರ್ಷದೊಳಗಿನವರಿಗೆ ಬಳಸಬಾರದೆಂದು 2023ರ ಡಿಸೆಂಬರಿನಲ್ಲಿ ಕೇಂದ್ರದ ಔಷಧ ನಿಯಂತ್ರಕರು ಸೂಚಿಸಿದರು. 2025ರಲ್ಲಿ ಮಧ್ಯಪ್ರದೇಶದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ ರಾಸಾಯನಿಕ ಸೇರಿದ್ದ ಕೆಮ್ಮಿನ ಸಿರಪ್ಪಿನಿಂದ ಮಕ್ಕಳು ಸತ್ತ ದುರಂತದ ಹೊತ್ತಿನಲ್ಲಿ, ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಔಷಧಗಳನ್ನು ಬರೆದುಕೊಡಲೇಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಇಲಾಖೆ ಹೇಳಿತು. ನಮ್ಮ ಮನೆಯಲ್ಲಿ ಆ ಬಾಟಲಿಗೆ ಜಾಗವಿಲ್ಲ.

ಮನೆಮದ್ದಿಗೂ ಆಸ್ಪತ್ರೆಗೂ ನಡುವಿನ ಗೆರೆ ಎಲ್ಲಿದೆ ಎಂಬುದನ್ನು ನಾನು ಕಲಿತದ್ದು ಕಳೆದ ಜನವರಿಯಲ್ಲಿ. ಮಗು ಅಳದೆ ಶಾಂತವಾಗಿರುವಾಗ ಅಂಗಿ ಎತ್ತಿ, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎದೆ ಏರಿಳಿಯುವುದನ್ನು ಎಣಿಸಬೇಕು. ಎರಡು ತಿಂಗಳಿಂದ ಒಂದು ವರ್ಷದವರೆಗಿನ ಕೂಸಿಗೆ 50, ಒಂದರಿಂದ ಐದು ವರ್ಷದವರಿಗೆ 40, ಅಥವಾ ಅದಕ್ಕಿಂತ ಹೆಚ್ಚಾದರೆ ಅದು ವೇಗದ ಉಸಿರು. ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬಿದ್ದರೆ ಎಣಿಸುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೊರಡಬೇಕು. ಮೂರು ವರ್ಷದ ಮಗನದು ಅಂದು 46 ಬಂತು, ಇನ್ನೊಮ್ಮೆ ಎಣಿಸಿದಾಗ 47. ಹನಿ, ಜೇನು ಎಲ್ಲವನ್ನೂ ಬಿಟ್ಟು ಹೊರಟೆವು. ನ್ಯುಮೋನಿಯಾ ಆರಂಭವಾಗಿತ್ತು, ಬೇಗ ಹೋದದ್ದರಿಂದ ಗುಳಿಗೆಯಲ್ಲಿಯೇ ಮುಗಿಯಿತು. ಇದಕ್ಕೆ ಪೂರ್ವಭಾವಿಯಾದ ಕೆಲಸವೆಂದರೆ ಲಸಿಕೆ. ನ್ಯುಮೊಕಾಕಲ್ ಲಸಿಕೆ 2021ರಿಂದ ದೇಶದಾದ್ಯಂತ ಸರಕಾರಿ ಕಾರ್ಯಕ್ರಮದಲ್ಲಿ ಉಚಿತವಾಗಿ, ಆರು ವಾರ, ಹದಿನಾಲ್ಕು ವಾರ ಮತ್ತು ಒಂಬತ್ತು ತಿಂಗಳಿಗೆ ಸಿಗುತ್ತದೆ. ಫ್ಲೂ ಲಸಿಕೆಯನ್ನು ಆರು ತಿಂಗಳಿಂದ ಐದು ವರ್ಷದವರೆಗೆ ಪ್ರತಿವರ್ಷ ಕೊಡಿಸಲು ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ಮೊದಲ ವರ್ಷ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸು. ಇದರ ಗುಣವನ್ನು ಒಂದು ಮನೆಯ ನೋಟುಬುಕ್ಕು ಅಳೆಯಲಾರದು.

ಚರ್ಮಕ್ಕೆ ನಾಲ್ಕು ಜಿಡ್ಡುಗಳನ್ನು ಹೋಲಿಸಿದೆ. ಉತ್ತರ ಭಾರತದ ನೆರೆಯವರು ಪ್ರೀತಿಯಿಂದ ಕೊಟ್ಟ ಸಾಸಿವೆ ಎಣ್ಣೆಯಿಂದ ಮಗನ ತೊಡೆಸಂದಿಯಲ್ಲಿ ಕೆಂಪು ಗುಳ್ಳೆಗಳೆದ್ದವು. ಆ ಎಣ್ಣೆ ಎಳೆಯ ಚರ್ಮದ ಹೊರಪದರಕ್ಕೆ ಹಿತವಲ್ಲವೆಂದು ಸಂಶೋಧನೆಗಳೂ ಹೇಳುತ್ತವೆ. ಕೊಬ್ಬರಿ ಎಣ್ಣೆ ಒಳ್ಳೆಯದೇ, ಆದರೆ ನಮ್ಮ ಡಿಸೆಂಬರಿನಲ್ಲಿ ಡಬ್ಬಿಯೊಳಗೆ ಕಲ್ಲಾಗಿ ಕೂಡುತ್ತದೆ, ಶಾಲೆಯ ಗಡಿಬಿಡಿಯಲ್ಲಿ ಅದನ್ನು ಕರಗಿಸುವವರು ಯಾರು? ಗಾಣದ ಕುಸುಬೆ ಎಣ್ಣೆ ಹೆಪ್ಪುಗಟ್ಟುವುದಿಲ್ಲ, ತೆಳುವಾಗಿ ಹರಡುತ್ತದೆ, ಚರ್ಮಕ್ಕೆ ಬೇಕಾದ ಲಿನೋಲಿಯಿಕ್ ಆಮ್ಲ ಅದರಲ್ಲಿ ಹೇರಳ. ಮೈಗೆಲ್ಲ ಅದೇ ಗೆದ್ದಿತು. ಕೆನ್ನೆ, ತುಟಿ, ಹಿಮ್ಮಡಿಗಳಿಗೆ ಮಾತ್ರ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸಿದ್ದು ಯಾವುದೂ ಇಲ್ಲ. ಎರಡನ್ನೂ ಮೈ ಪೂರ್ತಿ ಒಣಗುವ ಮೊದಲೇ, ಬಚ್ಚಲಿನ ಬಾಗಿಲಲ್ಲೇ ಹಚ್ಚಬೇಕು. ಅರ್ಧ ಗಂಟೆ ತಡವಾದರೆ ಅರ್ಧ ಗುಣ. ಮಿಂದ ಮೇಲೆ ಲೋಬಾನದ ಹೊಗೆ ಹಾಕುವುದನ್ನೂ, ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವುದನ್ನೂ ನಾನು ಹೋಲಿಕೆಗೆ ತೆಗೆದುಕೊಳ್ಳಲೇ ಇಲ್ಲ: ಮೊದಲನೆಯದು ಕೆಮ್ಮು ತರಿಸುತ್ತದೆ, ಎರಡನೆಯದು ಬಾಗಿಲು ಮುಚ್ಚಿದ ಕೋಣೆಯಲ್ಲಿ ಜೀವ ತೆಗೆಯಬಲ್ಲದು.

ಊಟದಲ್ಲಿ ಹೇಳುವಂಥದ್ದು ಕಡಿಮೆ. ಮೊಸರು, ಬಾಳೆಹಣ್ಣು ‘ಶೀತ’ವೆಂದು ಒಂದು ಚಳಿಗಾಲ ನಿಲ್ಲಿಸಿ, ಮರುವರ್ಷ ಕೊಟ್ಟು ನೋಡಿದೆವು, ನೆಗಡಿಗಳ ಲೆಕ್ಕದಲ್ಲಿ ಅಂತರ ಕಾಣಲಿಲ್ಲ, ಮೊಸರಿಲ್ಲದ ವರ್ಷ ಮಗಳು ಉಂಡದ್ದು ಮಾತ್ರ ಕಡಿಮೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಗೆ ಬೆಣ್ಣೆ ಇದ್ದರೆ ಇಬ್ಬರೂ ತಕರಾರಿಲ್ಲದೆ ತಿನ್ನುತ್ತಾರೆ. ಅಂಟಿನುಂಡಿ ದೊಡ್ಡವರಿಗೇ ಹೆಚ್ಚು ಖರ್ಚಾಗುತ್ತದೆ.

ಕೊನೆಗೆ ಹೊದಿಕೆ. ಮೂರು ವರ್ಷ ಕಳೆದರೂ ಇಲ್ಲಿ ಮಾತ್ರ ತೀರ್ಪು ಬಾಕಿ ಇದೆ. ಪೇಟೆಯಿಂದ ತಂದ ಹುಲಿಯ ಚಿತ್ರದ ಪಾಲಿಯೆಸ್ಟರ್ ಬ್ಲಾಂಕೆಟ್ಟು ಮುಟ್ಟಿದರೆ ಬೆಕ್ಕಿನ ಮರಿಯಂತಿತ್ತು, ಮಕ್ಕಳು ಅದಕ್ಕಾಗಿ ಜಗಳವಾಡಿದರು. ಆದರೆ ರಾತ್ರಿ ಎರಡು ಗಂಟೆಗೆ ಕುತ್ತಿಗೆಯ ಹಿಂಬದಿ ಮುಟ್ಟಿ ನೋಡಿದರೆ ಬೆವರು, ಬನಿಯನ್ ಒದ್ದೆ; ಆಮೇಲೆ ಅದನ್ನು ಒದ್ದು ಮೂಲೆಗೆ ತಳ್ಳಿ, ಒದ್ದೆ ಬನಿಯನ್ನಿನಲ್ಲೇ ನಸುಕಿನ ಚಳಿಗೆ ಮೈಯೊಡ್ಡಿ ಮಲಗಿರುತ್ತಿದ್ದರು. ಅತ್ತೆಯವರ ಹಳೆಯ ಸೀರೆಗಳ ಏಳೆಂಟು ಪದರು ಸೇರಿಸಿ ಹೊಲಿದ ಕೌದಿ ಬೆವರನ್ನು ಹೀರುತ್ತದೆ, ಭಾರವಿರುವುದರಿಂದ ಒದ್ದರೂ ಪೂರ್ತಿ ಸರಿಯುವುದಿಲ್ಲ. ಒದ್ದೆಯಾದರೆ ಹಿಂಡಲು ಇಬ್ಬರು ಬೇಕು, ಒಣಗಲು ಎರಡು ಬಿಸಿಲು ಬೇಕು ಎಂಬುದಷ್ಟೇ ಅದರ ದೋಷ. ವರ್ಷ ತುಂಬದ ಕೂಸಿಗೆ ಮಾತ್ರ ಇಂಥ ಯಾವ ಸಡಿಲ ಹೊದಿಕೆಯೂ ಮುಖದ ಹತ್ತಿರ ಬರಕೂಡದು, ಅವರಿಗೆ ಬೆಚ್ಚನೆಯ ಅಂಗಿಯೇ ಸಾಕು. ಖಣದ ಕುಂಚಿಗೆ ಹೊರಗಿನ ಗಾಳಿಗೆ ಚೆಂದ, ಮಲಗಿಸುವಾಗ ಬಿಚ್ಚಿಡಬೇಕು.

ರಾಣೆಬೆನ್ನೂರಿನ ಕಡೆಯ ಮೇಡ್ಲೇರಿಯ ಕರಿ ಕಂಬಳಿಯನ್ನು ಕೌದಿಯ ಎದುರಾಳಿಯಾಗಿ ತಂದೆವು. ಬೆಚ್ಚಗಿರುವುದರಲ್ಲಿ ಅದಕ್ಕೆ ಸಾಟಿಯಿಲ್ಲ, ಬೆವರಿಸುವುದೂ ಇಲ್ಲ, ಆದರೆ ಮಗನ ಮೊಣಕೈ ಒಳಗಿನ ಚರ್ಮ ಅದರ ಚುಚ್ಚಿಗೆ ಎರಡೇ ರಾತ್ರಿಯಲ್ಲಿ ಕೆಂಪಾಯಿತು. ಈ ಸಲ ಮಾವನವರ ಹಳೆಯ ಧೋತರದಿಂದ ಅದಕ್ಕೊಂದು ಗವಸು ಹೊಲಿಸಿ ಇಟ್ಟಿದ್ದೇವೆ. ಗವಸಿನೊಳಗಿನಿಂದಲೂ ಅದು ಚುಚ್ಚುತ್ತದೆಯೋ, ಅಥವಾ ಕೌದಿಯನ್ನು ಸೋಲಿಸುತ್ತದೆಯೋ ಎಂಬುದು ಎಳ್ಳಮಾವಾಸ್ಯೆಯ ಹೊತ್ತಿಗೆ ಗೊತ್ತಾದೀತು.