ಲೈಬ್ರರಿಯೋ, ಖಾಲಿ ಕ್ಲಾಸ್‌ರೂಮೋ, ಹಾಸ್ಟೆಲ್ ರೂಮೋ?

ಪರೀಕ್ಷೆ ಹತ್ತಿರ ಬಂತು, ಲೈಬ್ರರಿಯಲ್ಲಿ ಜಾಗವಿಲ್ಲ, ಎಲ್ಲಿ ಓದಲಿ ಅಂತ ಕೇಳಿದ್ದೀರಿ.

ಸದ್ದಿಲ್ಲದ ಜಾಗ ಬೇಕಿದ್ದರೆ ಲೈಬ್ರರಿಯೇ ಸರಿ, ಆದರೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು, ತಡವಾದರೆ ಕುರ್ಚಿಗಳ ಮೇಲೆ ಯಾರದೋ ಬ್ಯಾಗು, ನೀರಿನ ಬಾಟಲಿ ಇಟ್ಟಿರುತ್ತಾರೆ, ಓದುವವರು ಮಾತ್ರ ಇರುವುದಿಲ್ಲ. ನಿಜಕ್ಕೂ ಬೇಜಾರಾಗುತ್ತದೆ. ಹೊರಗೆ ಕೊಡದ ರೆಫರೆನ್ಸ್ ಪುಸ್ತಕ ಬೇಕಿದ್ದರೆ ಬೇರೆ ದಾರಿಯಿಲ್ಲ.

ಗುಂಪಾಗಿ ಓದುವವರಿಗೆ ಸಂಜೆಯ ಖಾಲಿ ಕ್ಲಾಸ್‌ರೂಮೇ ಒಳ್ಳೆಯದು ಅನ್ನುತ್ತೇನೆ. ಜೋರಾಗಿ ಓದಬಹುದು, ಬೋರ್ಡ್ ಮೇಲೆ ಲೆಕ್ಕ ಬಿಡಿಸಿ ಒಬ್ಬರಿಗೊಬ್ಬರು ವಿವರಿಸಬಹುದು. ಬೀಗ ಹಾಕುವ ಸಮಯ ಮೊದಲೇ ಕೇಳಿಟ್ಟುಕೊಳ್ಳಿ. ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡೇ ಹೋಗಿ.

ರೂಮಲ್ಲಾದರೆ ಓಡಾಟವಿಲ್ಲ, ರಾತ್ರಿ ಎಷ್ಟು ಹೊತ್ತಾದರೂ ಕೂರಬಹುದು. ಆದರೆ ಹಾಸಿಗೆ ಪಕ್ಕದಲ್ಲೇ ಇರುತ್ತದೆ ಅಲ್ವಾ? ಓದಿದ್ದನ್ನು ಮತ್ತೊಮ್ಮೆ ತಿರುವಿಹಾಕಲು ಸಾಕು, ಹೊಸ ಪಾಠಕ್ಕೆ ಕಷ್ಟ.