ಜರ್ಮನಿಯಿಂದ ಊರಿನ ಸೈಟಿಗೆ ಜಿಪಿಎ: ಭಾರತೀಯ ಕಾನ್ಸುಲೇಟಿನ ದೃಢೀಕರಣ ಸೇವೆ ಹೇಗಿದೆ?

ಕೆಲಸ ಜರ್ಮನಿಯಲ್ಲಿ, ಮಾರಬೇಕಾದ ಸೈಟು ಮೈಸೂರಲ್ಲಿ, ಓಡಾಡಲು ಇರುವುದು ಊರಿನ ಅಣ್ಣ. ಜಿಪಿಎ ಎಂದರೆ ನಿಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರಪತ್ರ, ಅಂದರೆ ಮುಖ್ತಿಯಾರುನಾಮೆ. ಇಂಥವರಿಗೆ ಕಾನ್ಸುಲೇಟಿನ ಜಿಪಿಎ ದೃಢೀಕರಣಕ್ಕಿಂತ ಗಟ್ಟಿಯಾದ ದಾರಿ ಇನ್ನೊಂದಿಲ್ಲ. ಆದರೆ ಮೊದಲೇ ತಿಳಿದಿರಬೇಕಾದ ಮಾತು ಒಂದಿದೆ: ಅಲ್ಲಿ ಬೀಳುವ ಮೊಹರು ನಿಮ್ಮ ಸಹಿಗೆ, ಪತ್ರದ ಒಕ್ಕಣೆಗಲ್ಲ. ಬಹಳಷ್ಟು ಜಿಪಿಎಗಳು ಊರಿಗೆ ಬಂದಮೇಲೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಕ್ಕಿಹಾಕಿಕೊಳ್ಳುವುದು ಇದನ್ನು ಮರೆತಿದ್ದಕ್ಕೆ.

1908ರ ನೋಂದಣಿ ಕಾಯ್ದೆಯ 33ನೇ ಕಲಂ ಪ್ರಕಾರ, ಭಾರತದಲ್ಲಿ ವಾಸವಿಲ್ಲದವರು ನೋಟರಿ, ನ್ಯಾಯಾಧೀಶರು ಅಥವಾ ಭಾರತೀಯ ಕಾನ್ಸುಲರ ಎದುರು ಬರೆದುಕೊಟ್ಟು ದೃಢೀಕರಿಸಿದ ಮುಖ್ತಿಯಾರುನಾಮೆ ನೋಂದಣಿಗೆ ನಡೆಯುತ್ತದೆ. ಕಾನ್ಸುಲರ್ ಅಧಿಕಾರಿಗೆ ನೋಟರಿಯ ಅಧಿಕಾರ ಬಂದದ್ದು 1948ರ ಕಾಯ್ದೆಯಿಂದ. ಎಷ್ಟೋ ದೇಶಗಳಲ್ಲಿ ಸ್ಥಳೀಯ ನೋಟರಿಯ ಹತ್ತಿರ ಮಾಡಿಸಿ ಅಪೊಸ್ಟಿಲ್ (ಒಪ್ಪಂದಕ್ಕೆ ಸೇರಿದ ದೇಶಗಳು ಪರಸ್ಪರ ಒಪ್ಪುವ ದೃಢೀಕರಣ ಮುದ್ರೆ) ಹಾಕಿಸಿದರೂ ಆಗುತ್ತದೆ. ಜರ್ಮನಿಯಲ್ಲಿ ಅದನ್ನು ನಂಬಿ ಕೂರುವಂತಿಲ್ಲ: 2005ರಲ್ಲಿ ಭಾರತ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿದ್ದರಿಂದ ಈ ಎರಡು ದೇಶಗಳ ನಡುವೆ ಅದು ಜಾರಿಗೆ ಬರಲಿಲ್ಲ. ಹಾಗಾಗಿ ಬರ್ಲಿನ್ ರಾಯಭಾರ ಕಚೇರಿ ಅಥವಾ ಮ್ಯೂನಿಕ್, ಫ್ರಾಂಕ್‌ಫರ್ಟ್, ಹ್ಯಾಂಬರ್ಗ್ ಕಾನ್ಸುಲೇಟು. ಯಾವುದಕ್ಕೆ ಹೋಗಬೇಕೆಂಬುದನ್ನು ನೀವು ವಾಸವಿರುವ ರಾಜ್ಯ ತೀರ್ಮಾನಿಸುತ್ತದೆ. ಆನ್‌ಮೆಲ್ಡುಂಗ್ ಪತ್ರ (ಜರ್ಮನಿಯ ವಿಳಾಸ ನೋಂದಣಿಯ ಪತ್ರ) ಜೊತೆಗಿರಲಿ.

ಕೌಂಟರಿನ ಕೆಲಸ ಚಿಕ್ಕದು, ಅಚ್ಚುಕಟ್ಟಾದದ್ದು. ಅಧಿಕಾರಿ ಪಾಸ್‌ಪೋರ್ಟ್ ತೆರೆದು ಮುಖ ನೋಡುತ್ತಾರೆ, ಪತ್ರದಲ್ಲಿ ಏನಿದೆಯೆಂದು ತಿಳಿದಿದೆಯೇ ಎಂದು ಕೇಳುತ್ತಾರೆ, ಎದುರಲ್ಲೇ ಪ್ರತಿ ಪುಟಕ್ಕೂ ಸಹಿ ಹಾಕಿಸುತ್ತಾರೆ. ಫೋಟೋದ ಮೇಲೆ ಅರ್ಧ, ಕಾಗದದ ಮೇಲೆ ಅರ್ಧ ಬರುವಂತೆ ಮೊಹರು ಒತ್ತಿ, ಕ್ರಮಸಂಖ್ಯೆ ಬರೆದು ಸಹಿ ಮಾಡುತ್ತಾರೆ. ಪತ್ರದಲ್ಲಿರುವ ವಿಷಯಕ್ಕೆ ಕಚೇರಿ ಜವಾಬ್ದಾರಿಯಲ್ಲ ಎಂಬ ಇನ್ನೊಂದು ಮುದ್ರೆಯೂ ಸಾಮಾನ್ಯವಾಗಿ ಬೀಳುತ್ತದೆ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಸಹಿ ಹಾಕಿದ್ದು ನೀವೇ ಎಂಬುದಕ್ಕೆ ಭಾರತ ಸರ್ಕಾರದ ಪ್ರತಿನಿಧಿಯ ಸಾಕ್ಷಿ ಸಿಕ್ಕಿತು, ಬೇಕಿದ್ದದ್ದು ಅದೇ.

ಅರ್ಧ ದಿನ ರಜೆ ಹಾಕಿ ಹೋದವರು ಬರಿಗೈಲಿ ವಾಪಸಾಗುವುದಕ್ಕೆ ಕಾರಣ ಬಹುತೇಕ ಒಂದೇ: ಮನೆಯಲ್ಲೇ ಸಹಿ ಹಾಕಿಕೊಂಡು ಹೋಗಿರುತ್ತಾರೆ. ಇನ್ನು ಸಾಕ್ಷಿದಾರರು. ಇಬ್ಬರು ಬೇಕು, ಅವರ ಪಾಸ್‌ಪೋರ್ಟ್ ನಕಲು ಬೇಕು, ಜಿಪಿಎ ಪಡೆಯುವವರೇ ಸಾಕ್ಷಿಯಾಗುವಂತಿಲ್ಲ. ವೈಟ್ನರ್ ಹಚ್ಚಿದ ಪುಟವನ್ನು ಮನೆಯಲ್ಲೇ ಬಿಸಾಕಿ ಹೊಸದಾಗಿ ಪ್ರಿಂಟ್ ತೆಗೆಯಿರಿ. ಕರ್ನಾಟಕದಿಂದ ಛಾಪಾ ಕಾಗದ ತರಿಸುವ ಪರದಾಟವೂ ಬೇಡ, ಸಾದಾ ಎ4 ಹಾಳೆ ಸಾಕು; ಮುದ್ರಾಂಕ ಶುಲ್ಕ ಕಟ್ಟುವುದು ಪತ್ರ ಊರಿಗೆ ಬಂದಮೇಲೆ.

ಒಕ್ಕಣೆಯ ವಿಚಾರಕ್ಕೆ ಬರೋಣ, ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ಮೊದಲನೇ ತೊಡಕು ಹೆಸರಿನದು. ಕ್ರಯಪತ್ರದಲ್ಲಿ 'ಕೆ. ಎಸ್. ರಮೇಶ' ಅಂತಿರುತ್ತದೆ, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ 'ರಮೇಶ ಕಡೂರು ಶ್ರೀನಿವಾಸ' ಆಗಿರುತ್ತದೆ. ಕಾನ್ಸುಲೇಟು ಪಾಸ್‌ಪೋರ್ಟಿನ ಹೆಸರನ್ನು ನೋಡುತ್ತದೆ, ಸಬ್‌ರಿಜಿಸ್ಟ್ರಾರ್ ಖಾತೆಯ ಹೆಸರನ್ನು ನೋಡುತ್ತಾರೆ. ಎರಡನ್ನೂ 'ಉರುಫ್' ಹಾಕಿ ಒಟ್ಟಿಗೆ ಬರೆಸಿ. ಆಮೇಲೆ ಷೆಡ್ಯೂಲು: ಸೈಟ್ ನಂಬರು, ಖಾತಾ ಸಂಖ್ಯೆ, ಅಳತೆ, ನಾಲ್ಕು ದಿಕ್ಕಿನ ಚಕ್ಕುಬಂದಿ, ಇವೆಲ್ಲ ಇ-ಖಾತಾ ಮತ್ತು ಕ್ರಯಪತ್ರಕ್ಕೆ ಅಕ್ಷರಶಃ ತಾಳೆಯಾಗಬೇಕು. ಚಕ್ಕುಬಂದಿಯಲ್ಲಿ ಪೂರ್ವ ಪಶ್ಚಿಮ ಅದಲುಬದಲಾದರೂ ಕಾನ್ಸುಲೇಟಿನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅಲ್ಲಿನವರ ಹತ್ತಿರ ನಿಮ್ಮ ಖಾತೆ ಇರುವುದಿಲ್ಲವಲ್ಲ.

'ನನ್ನ ಪರವಾಗಿ ಎಲ್ಲ ವ್ಯವಹಾರ ನಡೆಸಲು' ಎಂಬ ಮೋಘಮ್ ಮಾತು ಸಾಲದು. ಮಾರುವುದು, ಹಣ ಪಡೆಯುವುದು, ಕ್ರಯಪತ್ರಕ್ಕೆ ಸಹಿ ಹಾಕುವುದು, ನೋಂದಣಿಗೆ ಹಾಜರುಪಡಿಸಿ ಒಪ್ಪಿಕೊಳ್ಳುವುದು, ಈ ನಾಲ್ಕೂ ಬಿಡಿಬಿಡಿಯಾಗಿ ಇರಬೇಕು. ಕೊಳ್ಳುವವರು ಸಾಲ ತೆಗೆಯುವುದಾದರೆ ಕರಡನ್ನು ಅವರ ಬ್ಯಾಂಕಿನ ವಕೀಲರಿಗೆ ಮೊದಲೇ ತೋರಿಸಿ.

ಯಾರ ಹೆಸರಿಗೆ ಕೊಡುತ್ತೀರಿ ಎಂಬುದರ ಮೇಲೆ ಖರ್ಚು ನಿಂತಿದೆ. ತಂದೆತಾಯಿ, ಗಂಡ ಹೆಂಡತಿ, ಮಕ್ಕಳು, ಒಡಹುಟ್ಟಿದವರಿಗೆ ಕೊಟ್ಟರೆ ಕರ್ನಾಟಕದಲ್ಲಿ ಶುಲ್ಕ ಅಲ್ಪ. ಹೊರಗಿನವರಿಗೆ ಮಾರಾಟದ ಅಧಿಕಾರ ಕೊಟ್ಟರೆ ಮಾರುಕಟ್ಟೆ ಬೆಲೆಯ ಮೇಲೆ, ಕ್ರಯಪತ್ರಕ್ಕೆ ಬೀಳುವಷ್ಟೇ ಬೀಳುತ್ತದೆ. ಭಾವಮೈದುನನೂ ಈ ಲೆಕ್ಕದಲ್ಲಿ ಹೊರಗಿನವನೇ.

ಕಾನ್ಸುಲೇಟಿನ ಶುಲ್ಕ ಇದರ ಮುಂದೆ ದೊಡ್ಡದೇನಲ್ಲ. ಜೊತೆಗೆ ಭಾರತೀಯ ಸಮುದಾಯ ಕಲ್ಯಾಣ ನಿಧಿಗೆಂದು ಒಂದಿಷ್ಟು ಸೇರಿಸುತ್ತಾರೆ. 2009ರಲ್ಲಿ ಶುರುವಾದ ಈ ನಿಧಿಯಿಂದಲೇ ಕೈಯಲ್ಲಿ ಕಾಸಿಲ್ಲದವರ ಶವ ಊರಿಗೆ ಕಳಿಸುವುದು, ಸಿಕ್ಕಿಬಿದ್ದವರಿಗೆ ಟಿಕೆಟ್ ಕೊಡಿಸುವುದು ನಡೆಯುತ್ತದೆ. ಸಂತೋಷವಾಗಿ ಕೊಡಬೇಕಾದ ದುಡ್ಡು.

ಕೊರತೆ ಇಲ್ಲದಿಲ್ಲ. ಪತ್ರ ಏನೇನು ಬೇಕೆಂಬ ಪಟ್ಟಿ ಒಂದು ಕಚೇರಿಯಂತೆ ಇನ್ನೊಂದರಲ್ಲಿಲ್ಲ. ನಿಮ್ಮ ಕಚೇರಿಯ ಪುಟವನ್ನು ಹೋಗುವ ಹಿಂದಿನ ದಿನ ಮತ್ತೆ ನೋಡಿ. ಅಪಾಯಿಂಟ್‌ಮೆಂಟ್ ಇದ್ದೂ ಕಾಯಬೇಕಾಗಬಹುದು. ನಿಮ್ಮ ಕಾಗದಕ್ಕೆ ಸಹಿ ಮಾಡುವ ಅಧಿಕಾರಿಯೇ ಜೈಲಿನಲ್ಲಿರುವ ಭಾರತೀಯನನ್ನು ಕಾಣಲು, ಆಸ್ಪತ್ರೆಯ ಶವಾಗಾರದಲ್ಲಿ ಗುರುತು ಹಿಡಿಸಲು ಹೋಗಬೇಕಾದವರು ಎನ್ನುವುದು ನೆನಪಿದ್ದರೆ ಕಾಯುವುದು ಕಷ್ಟವಾಗದು. ದೂರದ ಊರಿನವರು ಕಾನ್ಸುಲರ್ ಕ್ಯಾಂಪಿನ ದಿನಾಂಕ ಗಮನಿಸಿ.

ಮೂಲ ಪ್ರತಿ ಕೊರಿಯರ್‌ನಲ್ಲಿ ಬಂದಾಗ ಅಣ್ಣನಿಗೆ ಒಂದು ಮಾತು ಹೇಳಿಟ್ಟಿರಿ: ಲಕೋಟೆ ಎಸೆಯಬೇಡ. ಕರ್ನಾಟಕ ಮುದ್ರಾಂಕ ಕಾಯ್ದೆಯಂತೆ, ಪತ್ರ ರಾಜ್ಯಕ್ಕೆ ಮೊದಲು ಬಂದ ದಿನದಿಂದ 3 ತಿಂಗಳೊಳಗೆ ಶುಲ್ಕ ಕಟ್ಟಬೇಕು. ಸಹಿಯ ದಿನದಿಂದಲ್ಲ. ಬಂದ ದಿನಕ್ಕೆ ರುಜುವಾತು ಆ ಲಕೋಟೆಯ ಮೇಲಿನ ತಾರೀಖೇ. ಜಿಲ್ಲಾ ನೋಂದಣಾಧಿಕಾರಿ ಕಚೇರಿಗೆ ಹೋಗುವಾಗ ಪತ್ರದ ಜೊತೆ ಅದನ್ನೂ ಪಿನ್ ಮಾಡಿ ಕೊಂಡೊಯ್ಯಲಿ.