ಬುಡೆಸೊನೈಡ್–ಫಾರ್ಮೊಟೆರಾಲ್ ಇನ್‌ಹೇಲರ್: ಮುಂಬಯಿಯ ಹವೆಯಲ್ಲಿ ದೀರ್ಘಕಾಲದ ಬಳಕೆ

ಒಂದು ಪಫ್‌ನಲ್ಲಿ 200 ಮೈಕ್ರೋಗ್ರಾಂ ಬುಡೆಸೊನೈಡ್ ಮತ್ತು 6 ಮೈಕ್ರೋಗ್ರಾಂ ಫಾರ್ಮೊಟೆರಾಲ್ ಇರುವ ಇನ್‌ಹೇಲರನ್ನು ಕೆಲವು ವರ್ಷಗಳಿಂದ ಬೆಳಿಗ್ಗೆ ಎರಡು, ರಾತ್ರಿ ಎರಡು ಪಫ್‌ನಂತೆ ಬಳಸುತ್ತಿದ್ದೇನೆ. ಡೊಂಬಿವಲಿಯ ನಮ್ಮ ಮನೆಯ ಸುತ್ತ ಹಳೆಯ ಕಟ್ಟಡಗಳನ್ನು ಕೆಡವಿ ಟವರ್ ಎಬ್ಬಿಸುವ ಕೆಲಸ ನಿಂತದ್ದೇ ಇಲ್ಲ. ಮಳೆಗಾಲದಲ್ಲಿ ಗೋಡೆಗೆ ಬೂಷ್ಟು, ಚಳಿಗಾಲದಲ್ಲಿ ಹೊಗೆ ಬೆರೆತ ಮಂಜು. ಇಂಥಲ್ಲಿ ಉಬ್ಬಸದವನಿಗೆ ನಡುರಾತ್ರಿ ಎದ್ದು ಕೂರದೆ ನಿದ್ರೆ ಬರುತ್ತದೆಯೇ ಎಂಬುದೇ ಔಷಧದ ಪರೀಕ್ಷೆ. ಅದರಲ್ಲಿ ಇದು ಪಾಸಾಗಿದೆ.

ಫಾರ್ಮೊಟೆರಾಲ್ ಶ್ವಾಸನಾಳದ ಸುತ್ತಲಿನ ಸ್ನಾಯುಗಳನ್ನು ಸಡಿಲಿಸಿ ಸುಮಾರು 12 ಗಂಟೆ ದಾರಿ ತೆರೆದಿಡುತ್ತದೆ. ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಒಳಪದರದ ಊತವನ್ನು ದಿನಗಳು, ವಾರಗಳಲ್ಲಿ ಇಳಿಸುತ್ತದೆ. ಮೊದಲನೆಯದರ ಪರಿಣಾಮ ಕೂಡಲೇ ತಿಳಿಯುತ್ತದೆ, ಎರಡನೆಯದರದ್ದು ತಿಳಿಯುವುದಿಲ್ಲ. ಹಾಗಾಗಿಯೇ ಆರಾಮ ಅನ್ನಿಸಿದೊಡನೆ ಬಿಟ್ಟುಬಿಡುವವರು ಹೆಚ್ಚು. "ರಾಯರೇ, ಪಂಪ್ ಹಿಡಿದರೆ ಕೊನೆತನಕ ಬಿಡೋಕಾಗಲ್ಲ, ಮಾತ್ರೆ ತಗೊಳ್ಳಿ" ಎಂದು ನಮ್ಮ ಬಿಲ್ಡಿಂಗಿನ ಹಿರಿಯರೊಬ್ಬರು ಈಗಲೂ ಬುದ್ಧಿ ಹೇಳುತ್ತಾರೆ. ಸ್ಟೀರಾಯ್ಡ್ ಮಾತ್ರೆಯ ಲೆಕ್ಕ ಮಿಲಿಗ್ರಾಂನಲ್ಲಿ, ಅದು ಇಡೀ ಮೈಗೆ ಹರಡುತ್ತದೆ; ಇದರ ಲೆಕ್ಕ ಮೈಕ್ರೋಗ್ರಾಂನಲ್ಲಿ, ಬಹುಪಾಲು ಕೆಲಸ ಶ್ವಾಸನಾಳದಲ್ಲೇ ಮುಗಿಯುತ್ತದೆ ಎಂಬುದನ್ನು ಅವರಿಗೆ ಒಪ್ಪಿಸುವುದು ನನ್ನಿಂದಾಗಿಲ್ಲ.

ಇದೇ ಔಷಧ ಕ್ಯಾಪ್ಸೂಲಿನ ಪುಡಿಯಾಗಿಯೂ ಸಿಗುತ್ತದೆ, ಮೊದಲು ನಾನು ಅದನ್ನೇ ಬಳಸುತ್ತಿದ್ದೆ. ಜುಲೈ ತಿಂಗಳ ತೇವದಲ್ಲಿ ಪುಡಿ ಗಂಟುಕಟ್ಟಿ, ಎಳೆದಾದ ಮೇಲೆ ನೋಡಿದರೆ ಸ್ವಲ್ಪ ಭಾಗ ಕ್ಯಾಪ್ಸೂಲಿನೊಳಗೇ ಅಂಟಿಕೊಂಡಿರುತ್ತಿತ್ತು. ಮೇಲಾಗಿ ಪುಡಿಯನ್ನು ಜೋರಾಗಿ ಎಳೆಯಬೇಕು, ದಮ್ಮು ಕಟ್ಟಿದಾಗ ಆ ಜೋರನ್ನು ಎಲ್ಲಿಂದ ತರುವುದು? ಒತ್ತುವ ಇನ್‌ಹೇಲರಿಗೆ ನಿಧಾನವಾದ, ಆಳವಾದ ಉಸಿರು ಸಾಕು. ಆದರೆ ಒತ್ತುವುದೂ ಎಳೆಯುವುದೂ ಒಂದೇ ಕ್ಷಣಕ್ಕೆ ಕೂಡಿಬರದಿದ್ದರೆ ಮದ್ದೆಲ್ಲ ಗಂಟಲಿನ ಗೋಡೆಗೆ ಬಡಿಯುತ್ತದೆ. ಆದ್ದರಿಂದ ಸ್ಪೇಸರ್, ಅಂದರೆ ಇನ್‌ಹೇಲರಿಗೂ ಬಾಯಿಗೂ ನಡುವೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ, ಬೇಕೇ ಬೇಕು. ಚೆನ್ನಾಗಿ ಅಲುಗಿಸಿ ಒಂದು ಪಫ್ ಒತ್ತಿ, ಮೆಲ್ಲಗೆ ಎಳೆದು, ಹತ್ತು ಎಣಿಸುವವರೆಗೆ ಉಸಿರು ಹಿಡಿದು, ಆಮೇಲೆ ಎರಡನೆಯದು. ಸ್ಪೇಸರನ್ನು ವಾರಕ್ಕೊಮ್ಮೆ ಸೋಪಿನ ನೀರಿನಲ್ಲಿ ಅದ್ದಿ ತೆಗೆದು, ಬಟ್ಟೆಯಿಂದ ಒರೆಸದೆ ತಾನಾಗಿ ಒಣಗಲು ಬಿಡಬೇಕು. ಒರೆಸಿದರೆ ಪ್ಲಾಸ್ಟಿಕ್ಕಿನಲ್ಲಿ ಸ್ಥಿರವಿದ್ಯುತ್ ಹುಟ್ಟಿ ಮದ್ದಿನ ಕಣಗಳು ಅದಕ್ಕೇ ಅಂಟಿಕೊಳ್ಳುತ್ತವೆ.

ಫಾರ್ಮೊಟೆರಾಲ್ ಕೆಲವೇ ನಿಮಿಷಗಳಲ್ಲಿ ಕೆಲಸ ಆರಂಭಿಸುವುದರಿಂದ ಉಬ್ಬಸದವರು ಡಾಕ್ಟರರ ಸೂಚನೆಯಂತೆ ತುರ್ತಿಗೂ ಇದನ್ನೇ ಬಳಸಬಹುದು. ನಿಧಾನವಾಗಿ ಕೆಲಸ ಆರಂಭಿಸುವ ಸಾಲ್ಮೆಟೆರಾಲ್ ಇರುವ ಜೋಡಿ ಔಷಧಗಳನ್ನು ಹಾಗೆ ಬಳಸುವಂತಿಲ್ಲ. 'ಜಿನಾ' ಎಂಬ ಅಂತಾರಾಷ್ಟ್ರೀಯ ಮಾರ್ಗಸೂಚಿ 2019ರಿಂದ, ಊತವನ್ನು ಇಳಿಸದೆ ಶ್ವಾಸನಾಳವನ್ನು ಸ್ವಲ್ಪ ಹೊತ್ತು ಸಡಿಲಿಸುವ ಸಾಲ್ಬುಟಮಾಲ್ ಒಂದನ್ನೇ ನಂಬಿ ಉಬ್ಬಸಕ್ಕೆ ಚಿಕಿತ್ಸೆ ಮಾಡುವುದನ್ನು ಬೇಡವೆನ್ನುತ್ತಿದೆ. ನನ್ನ ಸಾಲ್ಬುಟಮಾಲಿನ ನೀಲಿ ಪಂಪ್ ಈಗ ಕಪಾಟಿನಲ್ಲೇ ಇರುತ್ತದೆ.

ನಮ್ಮ ಜೊತೆಯಲ್ಲಿರುವ ಮಾವನವರಿಗೆ ಸಿಗರೇಟಿನಿಂದ ಬಂದ ಸಿಒಪಿಡಿ, ಅಂದರೆ ಶ್ವಾಸನಾಳ ಕಾಯಮ್ಮಾಗಿ ಕಿರಿದಾಗುವ ಕಾಯಿಲೆ. ಅವರೂ ಇಂಥದೇ ಜೋಡಿ ಔಷಧ ಬಳಸುತ್ತಾರೆ, ಆದರೆ ಅವರಿಗೆ ನನ್ನಷ್ಟು ಗುಣ ಕಂಡಿಲ್ಲ. ಆ ಕಾಯಿಲೆಯಲ್ಲಿ ಕಳೆದುಹೋದ ಶ್ವಾಸಕೋಶದ ಶಕ್ತಿ ಮರಳುವುದಿಲ್ಲ. ದಮ್ಮನ್ನು ಒಂದಿಷ್ಟು ಹಗುರಗೊಳಿಸಿ, ಉಲ್ಬಣಿಸುವ ಸಂದರ್ಭಗಳನ್ನು ಕಡಿಮೆ ಮಾಡುವುದು ಔಷಧದ ಕೆಲಸ. ಅಂಥವರಲ್ಲಿ ಸ್ಟೀರಾಯ್ಡ್ ನ್ಯುಮೋನಿಯಾದ ಅಪಾಯವನ್ನೂ ಒಂದಿಷ್ಟು ಹೆಚ್ಚಿಸುವುದರಿಂದ, ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳ ಎಣಿಕೆಯನ್ನೂ ನೋಡಿ ಅದನ್ನು ಮುಂದುವರಿಸುವುದೋ ಬೇಡವೋ ಎಂದು ಡಾಕ್ಟರು ನಿರ್ಧರಿಸುತ್ತಾರೆ.

ಅಡ್ಡಪರಿಣಾಮವೆಂದರೆ ಆಗಾಗ ಗಂಟಲು ಒಡೆಯುವುದು. ಪಫ್ ಆದೊಡನೆ ಬಾಯಿ ಮುಕ್ಕಳಿಸಿ ನೀರನ್ನು ಉಗುಳದಿದ್ದರೆ ನಾಲಿಗೆಯ ಮೇಲೆ ಬಿಳಿ ಅಗ್ರು ಬರುವ ಸಾಧ್ಯತೆಯಿದೆ. ನನ್ನ ನಿಜವಾದ ತಕರಾರು ಎಣಿಕೆಯ ಕಿಂಡಿಯಿಲ್ಲದ ಡಬ್ಬಿಗಳ ಮೇಲೆ: 120 ಪಫ್ ಮುಗಿದ ಮೇಲೂ ಅವು ಬರೀ ಅನಿಲವನ್ನು ಚಿಮ್ಮಿಸುತ್ತಲೇ ಇರುತ್ತವೆ, ಮದ್ದು ಇದೆಯೆಂದೇ ನಾವು ನಂಬಿರುತ್ತೇವೆ. ಕೌಂಟರ್ ಇರುವುದನ್ನೇ ಕೇಳಿ ಕೊಳ್ಳಿ. ನನ್ನ ಪ್ರಮಾಣವನ್ನು ಇಳಿಸುವ ಮಾತನ್ನು ಡಾಕ್ಟರು ಎತ್ತಿದ್ದಾರೆ. ಚಳಿಗಾಲ ಕಳೆದ ಮೇಲೆ ಸ್ಪೈರೋಮೆಟ್ರಿ ಎಂಬ ಉಸಿರಿನ ಶಕ್ತಿ ಅಳೆಯುವ ಪರೀಕ್ಷೆ ಮಾಡಿಸಿ ಅದನ್ನು ತೀರ್ಮಾನಿಸುವುದೆಂದಾಗಿದೆ.